‘ನಿನ್ನ ಧ್ಯಾಸ ಎಲ್ಲದ?’

ಬೀದರ ಸೀಮೆಯ ಮನೆಗಳಲ್ಲಿ ‘ಧ್ಯಾಸ’, ಅಂದರೆ ಗಮನ, ದಿನಬಳಕೆಯ ಮಾತು. ಒಲೆಯ ಮೇಲಿನ ಹಾಲು ಉಕ್ಕಿಹೋದರೆ ‘ಧ್ಯಾಸ ಎಲ್ಲಿತ್ತು?’ ಎನ್ನುತ್ತಾರೆ. ಅಂಗಡಿಗೆ ಕಳಿಸಿದ ಹುಡುಗ ಬೆಲ್ಲ ಮರೆತು ಉಪ್ಪು ತಂದರೆ ‘ಖಬರಗೇಡಿ’ ಎಂದು ಬೈಯುತ್ತಾರೆ. ಆ ಬೈಗುಳದಲ್ಲಿ ಸಿಟ್ಟಿಗಿಂತ ಸಲಿಗೆಯೇ ಹೆಚ್ಚು. ಅದೇ ಹುಡುಗ ಹದಿನೆಂಟು ದಾಟಿ, ಜಹೀರಾಬಾದಿನಲ್ಲೋ ತಾಂಡೂರಿನಲ್ಲೋ ಡಿಗ್ರಿಗೆ ಸೇರುತ್ತಾನೆ. ಅಸೈನ್‌ಮೆಂಟ್ ಕೊಡುವ ದಿನವನ್ನು ಮೂರನೇ ಸಲವೂ ಮರೆಯುತ್ತಾನೆ, ಪರೀಕ್ಷೆಗೆ ಹೊರಟವನು ಹಾಲ್ ಟಿಕೆಟ್ ಮನೆಯಲ್ಲೇ ಬಿಡುತ್ತಾನೆ. ಅಷ್ಟು ಹೊತ್ತಿಗೆ ಆ ಮಾತಿನ ಸಲಿಗೆ ಬತ್ತಿ, ‘ಸೋಮಾರಿ’ ಎಂಬ ಪಟ್ಟ ಗಟ್ಟಿಯಾಗಿರುತ್ತದೆ.

ಹೀಗೆ ಮರೆಯುವವರಲ್ಲಿ ಕೆಲವರಿಗಾದರೂ ಇರುವುದು ಸೋಮಾರಿತನವಲ್ಲ, ಎಡಿಎಚ್‌ಡಿ. ಗಮನವನ್ನು ಬೇಕಾದಲ್ಲಿ ಹಿಡಿದಿಡಲು, ಅವಸರವನ್ನು ತಡೆಯಲು, ಹೊತ್ತನ್ನು ಅಂದಾಜು ಮಾಡಲು ಮಿದುಳಿಗಾಗುವ ತೊಡಕು ಅದು. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಈಗಿನ ಹೆಸರು ಬಂದದ್ದು 1987ರಲ್ಲಿ. ಇದು ಮಕ್ಕಳ ಕಾಯಿಲೆ, ಬೆಳೆದಂತೆ ಹೋಗುತ್ತದೆ ಎಂದು ಬಹುಕಾಲ ನಂಬಿದ್ದೆವು. ಹಲವರಲ್ಲಿ ಅದು ಹೋಗುವುದಿಲ್ಲ. ವಯಸ್ಕರಲ್ಲಿ ನೂರಕ್ಕೆ ಎರಡು–ಮೂರು ಮಂದಿಗೆ ಇರುತ್ತದೆಂಬುದು ಜಗತ್ತಿನ ಅಧ್ಯಯನಗಳ ಅಂದಾಜು. ಚಿಕ್ಕಂದಿನ ಓಡಾಟ, ಗಲಾಟೆ ತಗ್ಗಬಹುದು. ಒಳಗಿನ ಚಡಪಡಿಕೆ ಉಳಿಯುತ್ತದೆ. ಮೊದಲಿಂದಲೂ ಗಲಾಟೆಯಿಲ್ಲದೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯರಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ತೊಡಕು ಕಾಲೇಜಿನಲ್ಲೇ ಏಕೆ ಬಯಲಾಗುತ್ತದೆ? ಶಾಲೆಯ ದಿನಗಳಲ್ಲಿ ಅವ್ವ ಎಬ್ಬಿಸುತ್ತಾಳೆ, ಗಂಟೆ ಹೊಡೆಯುತ್ತದೆ, ಮಾಸ್ತರರು ಹೋಂವರ್ಕ್ ಕೇಳುತ್ತಾರೆ. ಹುಡುಗನ ತಲೆಯೊಳಗೆ ಇಲ್ಲದ ಕಟ್ಟುಪಾಡನ್ನು ಹೊರಗಿನವರು ಹೊತ್ತಿರುತ್ತಾರೆ. ಡಿಗ್ರಿಗೆ ಬಂದ ದಿನ ಆ ಆಸರೆಗಳೆಲ್ಲ ಒಟ್ಟಿಗೆ ಕಳಚುತ್ತವೆ. ಆರು ತಿಂಗಳ ಸೆಮಿಸ್ಟರನ್ನು ತಾನೇ ಪಾಲು ಮಾಡಿಕೊಂಡು ಓದಬೇಕು, ಮತ್ತು ಆ ಪಾಲು ಮಾಡುವ ಶಕ್ತಿಯಲ್ಲೇ ಅವನಿಗೆ ಕೊರತೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂಬ ಗಡಿಯ ಈ ಮೂರು ಊರುಗಳಲ್ಲಿ ಇನ್ನೊಂದು ಸಿಕ್ಕೂ ಇದೆ. 1956ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಕ್ಕೆ ಸೇರಿದವು. ಈಗ ಮೊದಲಿನೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿ. ಗೆರೆ ಸರಿದರೂ ಮನೆಮಾತು ಸರಿಯಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಶಾಲೆಯಲ್ಲಿ ತೆಲುಗು, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್. ಇಂಥ ಮನೆಯ ಹುಡುಗಿ ತರಗತಿಯಲ್ಲಿ ಹಿಂದೆ ಬಿದ್ದರೆ ‘ಭಾಷೆ ತೊಡಕು’ ಎಂದು ಸುಮ್ಮನಾಗುತ್ತೇವೆ. ಭಾಷೆಯ ತೊಡಕು ವರ್ಷಗಳು ಕಳೆದಂತೆ ಸಡಿಲವಾಗುತ್ತದೆ, ಗಮನದ ತೊಡಕು ಹಾಗಲ್ಲ. ಅದು ಕನ್ನಡದಲ್ಲಿ ಹೇಳಿದ ಕೆಲಸವನ್ನೂ ಮರೆಸುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವ ಕಣ್ಣು ಗಡಿನಾಡಿನ ಕಾಲೇಜಿಗೆ ಬೇರೆಲ್ಲಕ್ಕಿಂತ ಹೆಚ್ಚು ಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಹೊರದೇಶಗಳಲ್ಲಿ ಇದಕ್ಕೆಂದೇ ಏರ್ಪಾಡುಗಳಿವೆ. ಅಮೆರಿಕದ ವರ್ಮಾಂಟಿನ ಪುಟ್ನಿ ಎಂಬ ಊರಲ್ಲಿ 1985ರಲ್ಲಿ ಆರಂಭವಾದ ಲ್ಯಾಂಡ್‌ಮಾರ್ಕ್ ಕಾಲೇಜು ಮೊದಲು ಡಿಸ್ಲೆಕ್ಸಿಯಾ ಇರುವವರಿಗೆ ಮೀಸಲಾಗಿತ್ತು, ಈಗ ಎಡಿಎಚ್‌ಡಿ ಇರುವವರಿಗೂ ಕಲಿಸುತ್ತದೆ. ಅದಕ್ಕಿಂತ ನನ್ನನ್ನು ಸೆಳೆದದ್ದು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಕ್ಯಾಂಪಸ್ಸಿನಲ್ಲಿ ಆರ್ಥರ್ ಅನಸ್ಟಾಪೊಲಸ್ ಮತ್ತು ಸಂಗಡಿಗರು ರೂಪಿಸಿದ ‘ಆ್ಯಕ್ಸೆಸ್’ ಕಾರ್ಯಕ್ರಮ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸಣ್ಣ ಗುಂಪಾಗಿ ಕೂಡುತ್ತಾರೆ. ತಮ್ಮ ತೊಡಕೇನೆಂದು ತಿಳಿಯುತ್ತಾರೆ, ದಿನಚರಿ ಬರೆಯುವುದು, ದೊಡ್ಡ ಕೆಲಸವನ್ನು ತುಂಡು ಮಾಡುವುದು, ‘ನನ್ನಿಂದಾಗದು’ ಎಂಬ ಯೋಚನೆಯನ್ನು ತಿರುಗಿ ಪ್ರಶ್ನಿಸುವುದು ಕಲಿಯುತ್ತಾರೆ. ಇದರ ಜೊತೆಗೆ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಿ: ‘ಹೋದ ವಾರ ಹೇಳಿದ್ದು ಏನಾಯಿತು?’ ಎಂದು ಕೇಳುವವರು. ಮೊದಲ ಸೆಮಿಸ್ಟರಿನಲ್ಲಿ ಭೇಟಿ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಕಳಚಿಹೋದ ಆಸರೆಯನ್ನು ಮತ್ತೆ ಕೊಟ್ಟು, ಆಮೇಲೆ ನಿಧಾನವಾಗಿ ಹಿಂತೆಗೆಯುವ ಕ್ರಮ ಅದು.

ನಮ್ಮಲ್ಲಿ ಕಾನೂನಿದೆ, ಆದರೆ ಅದರೊಳಗೊಂದು ತೂತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡುತ್ತದೆ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿ ತನ್ನ ಹೆಸರಲ್ಲಿ ಇಲ್ಲ. ಎರಡೂ ಜೊತೆಗಿರುವುದು ಸಾಮಾನ್ಯವಾದ್ದರಿಂದ ಕೆಲವರಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರವೇ ದಾರಿಯಾಗುತ್ತದೆ. ಗಮನದ ತೊಡಕೊಂದೇ ಇರುವವರು ಹೊರಗುಳಿಯುತ್ತಾರೆ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೇಕಡಾ 40ರ ನ್ಯೂನತೆಯ ಗಡಿ ಮುಟ್ಟದವರಿಗೂ ಬರೆಯಲು ತೊಂದರೆಯಿದ್ದರೆ ಲಿಪಿಕಾರರ ನೆರವು ಕೊಡಬೇಕೆಂದಿತು. 2022ರ ಮಾರ್ಗಸೂಚಿ ಅಂಥವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತು. ಕೈಗೆ ಸಿಕ್ಕ ಈ ನ್ಯಾಯ ಗಮನಕ್ಕೂ ಸಿಗಬೇಕು.

2025ರ ಜುಲೈ 25ರ ಇನ್ನೊಂದು ತೀರ್ಪು ಈ ಊರುಗಳಿಗೆ ನೇರವಾಗಿ ತಟ್ಟುತ್ತದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರಬೇಕೆಂದು ಹೇಳಿತು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ನಂಟು ಇಟ್ಟುಕೊಳ್ಳಬೇಕು. ಗಡಿಭಾಗದ ಕಾಲೇಜುಗಳಲ್ಲಿ ಆ ಕುರ್ಚಿಯಲ್ಲಿ ಕೂರುವವರಿಗೆ ಕನ್ನಡವೂ ಬರಲಿ ಎಂಬುದು ನನ್ನ ಆಸೆ.

ತಜ್ಞರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಕನ್ನಡನಾಡು ಹಿಂದೆಯೇ ಒಂದು ಉತ್ತರ ಕೊಟ್ಟಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಿ ನೋಡಿಕೊಳ್ಳಲು ಕಲಿಸಿತು. ಆ ಬಳ್ಳಾರಿ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಜನರಿಗೂ ಆಪ್ತಸಮಾಲೋಚನೆಯ ತರಬೇತಿ ಕೊಟ್ಟರು, ಮನಸ್ಸಿನ ಕುರಿತು ಕನ್ನಡದಲ್ಲಿ ನೂರಾರು ಪುಸ್ತಕ ಬರೆದರು. ಮನೋವೈದ್ಯರಿಲ್ಲದ ತಾಲ್ಲೂಕಿನಲ್ಲೇ ಇಷ್ಟು ಸಾಧ್ಯವಾದರೆ, ನಾರಾಯಣಖೇಡದ ಒಬ್ಬ ಉಪನ್ಯಾಸಕಿ ವಾರಕ್ಕೆ ಇಪ್ಪತ್ತು ನಿಮಿಷ ಒಬ್ಬ ವಿದ್ಯಾರ್ಥಿಯ ಡೈರಿ ತೆರೆದು ನೋಡುವುದು ಅಸಾಧ್ಯವೇ? ಬಾಯಲ್ಲಿ ಹೇಳಿದ್ದನ್ನು ಬೋರ್ಡಿನ ಮೇಲೂ ಬರೆಯುವುದು, ಕಿಟಕಿ–ಬಾಗಿಲಿನಿಂದ ದೂರದ ಮುಂದಿನ ಬೆಂಚು, ಒಂದು ದೊಡ್ಡ ಗಡುವಿನ ಬದಲು ನಾಲ್ಕು ಸಣ್ಣ ಗಡುವು: ಇವಕ್ಕೆ ಖರ್ಚಿಲ್ಲ.

ರೋಗನಿರ್ಣಯಕ್ಕೆ ಮಾತ್ರ ವೈದ್ಯರೇ ಬೇಕು. ಮೊದಲ ಮೆಟ್ಟಿಲು ಫೋನಿನಲ್ಲೇ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ದಿನದ 24 ಗಂಟೆ, ಉಚಿತ. ಅದರ 20 ಭಾಷೆಗಳಲ್ಲಿ ಕನ್ನಡವೂ ಒಂದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ತಜ್ಞರ ಬಳಿಗೆ ಕಳಿಸುತ್ತಾರೆ. ತಜ್ಞರನ್ನು ಕಾಣಲು ಹೋಗುವುದಾದರೆ, ಜಹೀರಾಬಾದಿನಿಂದ ಹೈದರಾಬಾದ್ ಸುಮಾರು 100 ಕಿಲೋಮೀಟರ್. ವೈದ್ಯಕೀಯ ಕಾಲೇಜು ಆಸ್ಪತ್ರೆ ಇರುವ ಬೀದರ ಸುಮಾರು 30.

ಔಷಧಿಯ ಬಗ್ಗೆ ಒಂದು ಮಾತು. ಎಡಿಎಚ್‌ಡಿಗೆ ಹೆಚ್ಚು ಬಳಸುವ ಮೀಥೈಲ್‌ಫೆನಿಡೇಟ್ ‘ಶೆಡ್ಯೂಲ್ ಎಕ್ಸ್’ ಔಷಧಿ. ಅದಕ್ಕೆ ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು, ಚೀಟಿ ಎರಡು ಪ್ರತಿಯಲ್ಲಿರಬೇಕು. ಹಾಗಾಗಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆಂದು ವೈದ್ಯರನ್ನೇ ಕೇಳಿಕೊಂಡು ಬರುವುದು ಒಳ್ಳೆಯದು. ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧಿಗಳೂ ಇವೆ. ಯಾವುದು ಯಾರಿಗೆ ಎಂಬುದು ವೈದ್ಯರಿಗೆ ಬಿಟ್ಟ ವಿಚಾರ.

ಆಸ್ಪತ್ರೆಗೆ ಹೋಗುವ ದಿನ ಒಯ್ಯಬೇಕಾದ್ದು ಹೆಚ್ಚೇನಿಲ್ಲ. ಎಡಿಎಚ್‌ಡಿ ಎಂದು ತೀರ್ಮಾನಿಸಲು ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಟ್ರಂಕಿನಲ್ಲಿ ಐದನೆಯ, ಆರನೆಯ ತರಗತಿಯ ಅಂಕಪಟ್ಟಿ ಇದ್ದರೆ ತೆಗೆದುಕೊಳ್ಳಿ, ಮಾಸ್ತರರು ಅಂಚಿನಲ್ಲಿ ಬರೆದ ಒಂದು ಸಾಲೂ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಅವ್ವನನ್ನು ಕರೆದುಕೊಂಡು ಹೋಗಿ. ಆರು ವರ್ಷದವನಿದ್ದಾಗ ಮಗ ಊಟಕ್ಕೆ ಕೂತಲ್ಲಿಂದ ಎಷ್ಟು ಸಲ ಎದ್ದು ಹೋಗುತ್ತಿದ್ದ, ಪಾಟಿಚೀಲ ಎಷ್ಟು ಕಳೆದ ಎಂಬುದು ಅವಳಿಗೆ ಮಾತ್ರ ನೆನಪಿದೆ. ಅದನ್ನು ಅವಳು ಕನ್ನಡದಲ್ಲೇ ಹೇಳಲಿ.