ಹೆಗಲು ನೋವಿಗೆ ಸ್ಕ್ಯಾನಿಂಗ್ ನೋಡಿ ಕೊಡುವ ಇಂಜೆಕ್ಷನ್

ಸಂಘದ ಸದಸ್ಯರೇ, ಜಡೆ ಹೆಣೆಯಲು ಕೈ ಎತ್ತೋಕೆ ಆಗುತ್ತಿಲ್ಲವೇ? ರಾತ್ರಿ ಆ ಮಗ್ಗುಲಿಗೆ ಮಲಗಿದರೆ ನೋವೇ? ಕೆಲಸದ ಆಯಾಸ ಅಂತ ಸುಮ್ಮನಿರಬೇಡಿ. ಹೆಗಲಿನ ಕೀಲು ಬಿಗಿಯುವ ತೊಂದರೆ 40ರಿಂದ 60 ವರ್ಷದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಮಾತ್ರೆ, ವ್ಯಾಯಾಮದಿಂದ ಕಡಿಮೆಯಾಗದಿದ್ದರೆ ವೈದ್ಯರು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು. ಗರ್ಭಿಣಿಯರಿಗೆ ಮಾಡುವಂಥ ಸ್ಕ್ಯಾನಿಂಗ್‌ನಲ್ಲಿ ಸೂಜಿ ಹೋಗುವ ಜಾಗ ನೋಡುತ್ತಾ ಔಷಧಿ ಬಿಡುತ್ತಾರೆ. ನೋವು ಕೆಲವು ವಾರ ತಗ್ಗುತ್ತೆ. ಆಗ ವೈದ್ಯರು ಹೇಳಿದ ವ್ಯಾಯಾಮವನ್ನು ದಿನಾ ಮಾಡಬೇಕು, ಇಲ್ಲದಿದ್ದರೆ ಕೈ ಬೇಗ ಸಡಿಲವಾಗೋದಿಲ್ಲ.

ನೆನಪಿಡಿ: ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರಬಹುದು, ಪರೀಕ್ಷೆ ಮಾಡಿಸಿ. ಜ್ವರ ಬಂದರೆ, ಕೀಲು ಊದಿ ಕೆಂಪಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮದ್ದೂರು, ಮಳವಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಬರೆದುಕೊಟ್ಟರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ವಿಚಾರಿಸಿ.