ಮಳೆಯ ಲೆಕ್ಕವೂ ಅದರ ರೇಖಾಚಿತ್ರವೂ
(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪ್ರಮುಖರ ಹಾಗೂ ಜಮೀನುದಾರರ ಅವಗಾಹನೆಗಾಗಿ)

“ಹಿಂದಿನ ಮಳೆ ಈಗ ಇಲ್ಲ” ಎಂಬ ಮಾತು ಈ ಮೂರು ತಾಲ್ಲೂಕುಗಳ ವೃದ್ಧ ರೈತರಲ್ಲಿ ಸಾಮಾನ್ಯವಾಗಿರುತ್ತದೆ. ಕಡಮೆಯಾಗಿರುವುದು ಮಳೆಯ ಮೊತ್ತವೋ, ಮಳೆ ಬೀಳುವ ದಿನಗಳೋ, ಅಥವಾ ಅದು ಬರುವ ಕಾಲದ ಕ್ರಮವೋ ಎಂದು ವಿಚಾರಿಸಿದರೆ ಮಾತ್ರ ಸರಿಯಾದ ಉತ್ತರವು ದೊರೆಯುವುದಿಲ್ಲ. ಮನುಷ್ಯನ ಜ್ಞಾಪಕವು ವಿಪತ್ತುಗಳನ್ನು ಹಿಡಿದಿಟ್ಟುಕೊಂಡು ಸಾಧಾರಣ ವರ್ಷಗಳನ್ನು ಬಿಟ್ಟುಬಿಡುತ್ತದೆ. 1876-78ರ ಕ್ಷಾಮವು ಧಾತು-ಈಶ್ವರ ಸಂವತ್ಸರಗಳ ಬರವೆಂದು ತಲೆಮಾರುಗಳ ಕಾಲ ಉಳಿದುಬಂದಿತು. 1924ರ ಕಾವೇರಿಯ ಮಹಾಪೂರವು ರಕ್ತಾಕ್ಷಿ ಸಂವತ್ಸರದಲ್ಲಿ ನಡೆಯಿತು. ಇವೆರಡರ ನಡುವಣ ನಲವತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಯಾವ ವರ್ಷ ಎಷ್ಟು ಅಂಗುಲ ಮಳೆ ಬಿದ್ದಿತೆಂಬುದನ್ನು ಯಾರ ಜ್ಞಾಪಕವೂ ಹೇಳಲಾರದು. ಹೇಳತಕ್ಕದ್ದು ದಾಖಲೆ ಪುಸ್ತಕವೊಂದೇ. ಇದನ್ನರಿತೇ ಹಿಂದಿನ ಮೈಸೂರು ಸಂಸ್ಥಾನದ ಸರ್ಕಾರದವರು 1890ರ ದಶಕದಿಂದ ಮಳೆಯ ಅಳತೆಗಳನ್ನು ವರ್ಷವರ್ಷವೂ ವರದಿಯಾಗಿ ಪ್ರಕಟಿಸುತ್ತಿದ್ದರು.

ಮಳೆಯನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಒಂದು ಅಂಗುಲ ಮಳೆಯೆಂದರೆ, ಬಿದ್ದ ನೀರು ಹರಿಯದೆ, ಇಂಗದೆ ನಿಂತಲ್ಲಿ ನೆಲದ ಮೇಲೆ ಒಂದು ಅಂಗುಲ ಆಳವಾಗುತ್ತದೆಂದು ಅರ್ಥ. ಒಂದು ಎಕರೆಯ ಮೇಲೆ ಇದು ಸುಮಾರು 1 ಲಕ್ಷ ಲೀಟರು ನೀರಾಗುತ್ತದೆ. ಬಾಯಿಂದ ತಳದವರೆಗೆ ಒಂದೇ ಅಗಲವುಳ್ಳ ಯಾವ ಡಬ್ಬವಾದರೂ ಅಳತೆಗೆ ಆಗಬಹುದು. ಬಕೆಟ್ಟು ಮಾತ್ರ ಕೂಡದು, ಏಕೆಂದರೆ ಅದರ ಬಾಯಿ ಅಗಲವಾಗಿಯೂ ತಳ ಕಿರಿದಾಗಿಯೂ ಇರುವುದರಿಂದ ಮಳೆಯು ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಸರ್ಕಾರಿ ಮಳೆಮಾಪಕದ ಬಾಯಿಯು 5 ಅಂಗುಲ ವ್ಯಾಸವುಳ್ಳದ್ದಾಗಿ ನೆಲದಿಂದ ಒಂದು ಅಡಿ ಎತ್ತರದಲ್ಲಿರುತ್ತದೆ. ಪ್ರತಿದಿನವೂ ಬೆಳಗ್ಗೆ 8-30 ಗಂಟೆಗೆ ನೋಡಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಆ ದಿನದ ತಾರೀಖಿಗೆ ಬರೆಯತಕ್ಕದ್ದು. ಮಳೆಯಿಲ್ಲದ ದಿನ ಸೊನ್ನೆಯನ್ನು ಬರೆಯಬೇಕೇ ಹೊರತು ಜಾಗವನ್ನು ಖಾಲಿ ಬಿಡಬಾರದು. ಖಾಲಿ ಜಾಗಕ್ಕೆ ಮಳೆಯಿಲ್ಲವೆಂದು ಅರ್ಥವೋ, ಬರೆಯುವವನು ಮದುವೆಗೆ ಹೋಗಿದ್ದನೆಂದು ಅರ್ಥವೋ, ಮುಂದೆ ಓದುವವನಿಗೆ ತಿಳಿಯದು.

ಮಾಪಕವನ್ನು ಇಡುವ ಸ್ಥಳದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮರ, ಗೋಡೆ, ತೆಂಗಿನ ಸಾಲು ಮುಂತಾದವುಗಳಿಂದ, ಅವು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಬಯಲಿನಲ್ಲಿಡಬೇಕು. ಇದು ಕೇವಲ ಶಾಸ್ತ್ರದ ಮಾತಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳತೆಯನ್ನು ಕಳುಹಿಸುವ ಮಾಪಕಗಳನ್ನು ಸ್ಥಾಪಿಸಿದ್ದಾರೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟದ ಬೆಳೆಗಳ ಪರಿಹಾರವು ಇಂಥ ಮಾಪಕಗಳ ಅಂಕಿಗಳನ್ನೇ ಅವಲಂಬಿಸಿರುತ್ತದೆ. ಮಾಪಕದ ಮೇಲೆ ಕೊಂಬೆ ಚಾಚಿದ್ದರೆ ಅಥವಾ ಅದರ ಬಾಯಿಯಲ್ಲಿ ತರಗೆಲೆ ಸೇರಿದ್ದರೆ ಇಡೀ ಪಂಚಾಯಿತಿಯ ಲೆಕ್ಕವು ಕೆಡುತ್ತದೆ. ಊರಿನ ಪ್ರಮುಖರು ಆ ಯಂತ್ರವನ್ನು ಆಗಾಗ್ಗೆ ನೋಡಿಕೊಂಡು, ದೋಷವಿದ್ದಲ್ಲಿ ಕೂಡಲೇ ಬರೆದು ತಿಳಿಸುವುದು ಊರಿಗೇ ಲಾಭಕರ. ಗ್ರಾಮದಲ್ಲಿ ಪ್ರತ್ಯೇಕವಾಗಿ ಬರೆದಿಟ್ಟ ಪುಸ್ತಕವೊಂದಿದ್ದರೆ ಎರಡನ್ನೂ ಹೋಲಿಸಿ ನೋಡಬಹುದಾಗಿದೆ.

ಅಂಕಿಗಳ ಸಾಲು ತಾನಾಗಿ ಏನನ್ನೂ ಹೇಳುವುದಿಲ್ಲ. ಅದನ್ನು ಚಿತ್ರವಾಗಿ ಬರೆಯಬೇಕು. ಚೌಕುಳಿ ಕಾಗದದ ಅಡ್ಡ ಗೆರೆಯ ಮೇಲೆ ಕಾಲವನ್ನೂ ಲಂಬ ಗೆರೆಯ ಮೇಲೆ ಮಳೆಯನ್ನೂ ಗುರುತಿಸಿದರೆ ರೇಖಾಚಿತ್ರವಾಗುತ್ತದೆ. ರೈತರಿಗೆ ಇಂಗ್ಲಿಷ್ ತಿಂಗಳುಗಳಿಗಿಂತ ಮಳೆ ನಕ್ಷತ್ರಗಳೇ ಉಪಯುಕ್ತ. ಭರಣಿಯಿಂದ ವಿಶಾಖೆಯವರೆಗೆ ಒಂದೊಂದು ನಕ್ಷತ್ರಕ್ಕೂ ಒಂದೊಂದು ಕಂಬವನ್ನು ಬರೆದರೆ ಈ ಸೀಮೆಯ ಮಳೆಯ ಸ್ವರೂಪವು ಎದ್ದು ಕಾಣುತ್ತದೆ: ಮೇ ತಿಂಗಳ ಸುಮಾರಿಗೆ ಒಂದು ಏರು, ನಡುವೆ ಇಳಿತ, ಬಳಿಕ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ದೊಡ್ಡ ಏರು. ಎಳ್ಳು, ಅಲಸಂದೆಗಳನ್ನು ಮೊದಲ ಏರಿಗೂ, ರಾಗಿಯ ತೆನೆ ಎರಡನೆಯದಕ್ಕೂ ಸಿಕ್ಕುವಂತೆ ಬಿತ್ತುವ ಹಿರಿಯರ ಪದ್ಧತಿಗೆ ಈ ಚಿತ್ರವೇ ಆಧಾರ. ಹತ್ತಾರು ವರ್ಷಗಳ ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಆ ಏರುಗಳು ಜರುಗಿವೆಯೋ ಇಲ್ಲವೋ ತಿಳಿಯುತ್ತದೆ.

ಮೊತ್ತವೊಂದನ್ನೇ ನಂಬುವುದು ತಪ್ಪು. ಎರಡು ವರ್ಷಗಳಲ್ಲಿಯೂ 28 ಅಂಗುಲವೇ ಬಿದ್ದಿತೆಂದು ಭಾವಿಸೋಣ. ಒಂದು ವರ್ಷ ಅದು ಐವತ್ತು ದಿನಗಳಲ್ಲಿ ಹಂಚಿ ಬಂದು, ಮತ್ತೊಂದು ವರ್ಷ ಇಪ್ಪತ್ತೈದೇ ದಿನಗಳಲ್ಲಿ ಸುರಿದಿದ್ದರೆ, ಮೊದಲನೆಯದು ಖುಷ್ಕಿ ಬೆಳೆಯ ವರ್ಷ, ಎರಡನೆಯದು ಮಣ್ಣು ಕೊಚ್ಚಿಹೋದ ವರ್ಷ. ಗಾಳಿಯ ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. 2011-2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆಯು 1850-1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಹೆಚ್ಚಾಗಿದ್ದಿತು. ಆದುದರಿಂದ 2.5 ಮಿಲಿಮೀಟರಿಗೆ ಕಡಮೆಯಿಲ್ಲದೆ ಮಳೆಯಾದ ದಿನಗಳೆಷ್ಟು, ನಡುವೆ ಅತಿ ದೀರ್ಘವಾದ ಬಿಡುವು ಎಷ್ಟು ದಿನದ್ದು ಎಂಬ ಎರಡು ಅಂಕಿಗಳನ್ನೂ ವರ್ಷದ ಮೊತ್ತದ ಪಕ್ಕದಲ್ಲಿ ಬರೆಯುವುದು ಅಗತ್ಯ.

ನಾಲಾ ಅಚ್ಚುಕಟ್ಟಿನವರು ಮಳೆಗಿಂತ ಕೃಷ್ಣರಾಜಸಾಗರದ ಮಟ್ಟವನ್ನೇ ಹೆಚ್ಚಾಗಿ ಗಮನಿಸುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯವರ ಕಾತರವು ಸಹಜವೇ. ಆದರೆ ಆ ಜಲಾಶಯವನ್ನು ತುಂಬಿಸುವುದು ಮುಖ್ಯವಾಗಿ ಕೊಡಗಿನ ಮಳೆ. ಕಟ್ಟೆ ತುಂಬಿದ ವರ್ಷವೇ ಮಳವಳ್ಳಿಯ ಖುಷ್ಕಿ ರಾಗಿ ಒಣಗುವುದುಂಟು. ಅಲ್ಲದೆ, ಅಡಿಯ ಲೆಕ್ಕವು ಕಣ್ಣಿಗೆ ಮೋಸಮಾಡುತ್ತದೆ. ಪೂರ್ಣಮಟ್ಟವಾದ 124.80 ಅಡಿಗೆ 49.45 ಟಿ.ಎಂ.ಸಿ. ನೀರು ನಿಲ್ಲುತ್ತದೆ. 100 ಅಡಿಯಿದ್ದಾಗ ಎತ್ತರವು ನೂರಕ್ಕೆ ಎಂಬತ್ತರಷ್ಟಿದ್ದರೂ ನೀರು ಅರ್ಧಕ್ಕಿಂತ ಕಡಮೆಯೇ, ಏಕೆಂದರೆ ಜಲಾಶಯವು ಮೇಲೆ ಹೋದಂತೆ ಅಗಲವಾಗುತ್ತದೆ. ಆದ್ದರಿಂದ ರೇಖಾಚಿತ್ರವನ್ನು ಅಡಿಗಳಲ್ಲಿ ಬರೆಯದೆ ಟಿ.ಎಂ.ಸಿ.ಯಲ್ಲಿ ಬರೆಯುವುದು ಮೇಲು. ಈ ಜಲಾಶಯವು 2023ರಲ್ಲಿ ತುಂಬಲೇ ಇಲ್ಲ; 2024ರ ಜುಲೈನಲ್ಲಿ ತುಂಬಿತು; 2025ರಲ್ಲಿ ಜೂನ್ ಮುಗಿಯುವುದರೊಳಗೇ ತುಂಬಿತು. ಈ ಮೂರು ಚುಕ್ಕೆಗಳನ್ನು ಮಾತ್ರ ಸೇರಿಸಿ ಗೆರೆಯೆಳೆದರೆ ನೀರು ವರ್ಷೇ ವರ್ಷೇ ಹೆಚ್ಚುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಹವಾಮಾನದ ಬದಲಾವಣೆಯನ್ನು ಹೇಳಲು ಮೂವತ್ತು ವರ್ಷಗಳಾದರೂ ಬೇಕೆಂಬುದು ಶಾಸ್ತ್ರಜ್ಞರ ನಿಯಮ.

ದೀರ್ಘಕಾಲದ ಅಳತೆಗೆ ಜಗತ್ಪ್ರಸಿದ್ಧವಾದ ಉದಾಹರಣೆಯು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ್ದು. ಅಲ್ಲಿ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯಲಾರಂಭಿಸಿದನು. ಆಗ ಅದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಇದ್ದಿತು. 2023ರಲ್ಲಿ 420ನ್ನು ದಾಟಿದ್ದಿತು. ಆ ಗೆರೆಯು ಪ್ರತಿವರ್ಷವೂ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಗಿಡಮರಗಳು ಚಿಗುರಿದಾಗ ಇಳಿದು, ಎಲೆಯುದುರಿದ ಕಾಲದಲ್ಲಿ ಏರುತ್ತದೆ. ಒಂದೆರಡು ವರ್ಷಗಳನ್ನು ಮಾತ್ರ ಅಳೆದಿದ್ದರೆ ಈ ಏರಿಳಿತವಲ್ಲದೆ ಬೇರೇನೂ ಸ್ಪಷ್ಟವಾಗುತ್ತಿರಲಿಲ್ಲ. ಅದೇ ಪರ್ವತದಲ್ಲಿ ಅದೇ ಕ್ರಮದಿಂದ ದಶಕಗಳ ಕಾಲ ಅಳೆದುದರಿಂದಲೇ ಒಟ್ಟು ಏರಿಕೆಯು ನಿಸ್ಸಂದೇಹವಾಯಿತು.

ಗ್ರಾಮದ ಮಾಪಕಕ್ಕೂ ಇದೇ ನಿಯಮವು ಸಲ್ಲುತ್ತದೆ. ಶಾಲೆಯ ಅಂಗಳದಲ್ಲಿದ್ದುದನ್ನು ಪಂಚಾಯಿತಿ ಕಟ್ಟಡದ ಬಳಿಗೆ ಸಾಗಿಸಿದರೆ, ಮಳೆ ಬದಲಾಗದಿದ್ದರೂ ಗೆರೆ ಬದಲಾಗಬಹುದು. ಸ್ಥಳವನ್ನು ಬದಲಾಯಿಸಲೇಬೇಕಾದಲ್ಲಿ ಹಳೆಯ ಮತ್ತು ಹೊಸ ಸ್ಥಳಗಳೆರಡರಲ್ಲಿಯೂ ಒಂದು ಪೂರ್ಣ ವರ್ಷ ಜೊತೆಯಾಗಿ ಅಳೆದು, ವ್ಯತ್ಯಾಸವನ್ನೂ ಸಾಗಿಸಿದ ತಾರೀಖನ್ನೂ ಪುಸ್ತಕದಲ್ಲಿ ಕೆಂಪು ಮಸಿಯಿಂದ ಬರೆದಿಡತಕ್ಕದ್ದು.