ಕಪ್ಪು ಹೊಗೆ, ದಪ್ಪ ಆಯಿಲ್: ಹಳೆಯ ಡೀಸೆಲ್ ಪಿಕ್‌ಅಪ್ ಸುತ್ತ ಬೆಳೆದ ತಪ್ಪು ಕಲ್ಪನೆಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಎರೆ ಹೊಲಗಳಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೆಸರು, ಕಡಲೆ, ಒಣಮೆಣಸಿನಕಾಯಿ ಸಾಗಿಸುವ ಗಾಡಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಬೊಲೆರೊ ಪಿಕ್‌ಅಪ್‌ಗಳಿವೆ, 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಹಳೆಯ ಗಾಡಿಗಳೂ ಇವೆ. ಎಳೆತ ಕಡಿಮೆಯಾದಾಗ ಇವಕ್ಕೆ ಮಾಡಿಸುವ ಮೊದಲ ಕೆಲಸವೇ ಹಲವು ಸಲ ತಪ್ಪು ಕೆಲಸವಾಗಿರುತ್ತದೆ. ಇಂಥ ಎಂಜಿನ್‌ಗೆ ಸಾಮಾನ್ಯವಾಗಿ ಕೊರತೆಯಾಗಿರುವುದು ಗಾಳಿ. ಮಾಲೀಕರು ಹೆಚ್ಚಿಸಲು ಹೊರಡುವುದು ಡೀಸೆಲ್.

“ಪಂಪ್ ಏರಿಸಿದ್ರ ಗಾಡಿ ಚಲೋ ಜಗ್ಗತೈತಿ” ಎಂಬುದು ಎಲ್ಲಕ್ಕಿಂತ ಆಳಕ್ಕೆ ಬೇರೂರಿದ ನಂಬಿಕೆ. ಕಪ್ಪು ಹೊಗೆ ಬಂದರೆ ಎಂಜಿನ್ ಜೋರಾಗಿದೆ ಎಂಬ ತಿಳಿವಳಿಕೆಯೂ ಇದರ ಬೆನ್ನಿಗೇ ಬರುತ್ತದೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಅಷ್ಟು ಗಾಳಿ ಸಿಗದಿದ್ದರೆ ಉಳಿದ ಡೀಸೆಲ್ ಅರೆಬರೆ ಉರಿದು ಮಸಿಯಾಗಿ ಸೈಲೆನ್ಸರ್‌ನಿಂದ ಹೊರಬೀಳುತ್ತದೆ. ಕಪ್ಪು ಹೊಗೆ ಎಂದರೆ ರೊಕ್ಕ ಕೊಟ್ಟು ಕೊಂಡು, ಕೆಲಸಕ್ಕೆ ಬಾರದೆ ಹೋದ ಎಣ್ಣೆ. ಹಳೆಯ ಮೆಕ್ಯಾನಿಕಲ್ ಪಂಪಿನ ಸ್ಕ್ರೂ ತಿರುಗಿಸಿದಾಗ ಮೊದಮೊದಲು ಎಳೆತ ಸ್ವಲ್ಪ ಹೆಚ್ಚಿದಂತೆ ಅನಿಸುವುದು ನಿಜ. ಆದರೆ ಜೊತೆಗೇ ಪಿಸ್ಟನ್ ಮತ್ತು ಟರ್ಬೊ ಮೇಲಿನ ಶಾಖವೂ ಏರುತ್ತದೆ. ಮೊದಲ ಮಾದರಿಯ ಏಸ್‌ಗೆ ಇದು ಇನ್ನೂ ಕೆಡುಕು. ಅದರ 702 ಸಿಸಿಯ ಎರಡು ಸಿಲಿಂಡರ್ ಎಂಜಿನ್‌ಗೆ ಟರ್ಬೊ ಇಲ್ಲ, ಶಕ್ತಿ 16 ಅಶ್ವಶಕ್ತಿ ಮಾತ್ರ. ಹೆಚ್ಚಿನ ಎಣ್ಣೆ ಉರಿಸುವಷ್ಟು ಗಾಳಿ ಅದರಲ್ಲಿ ಇಲ್ಲವೇ ಇಲ್ಲ. ಹೊಗೆ ಹೆಚ್ಚಿದ್ದರೆ ಪಂಪ್-ನಾಝಲ್ ಅಂಗಡಿಯಲ್ಲಿ ನಾಝಲ್ ಬಿಚ್ಚಿಸಿ, ಎಣ್ಣೆ ಸರಿಯಾದ ಒತ್ತಡದಲ್ಲಿ ಮಂಜಿನಂತೆ ಸಿಡಿಯುತ್ತದೆಯೋ ಹನಿಯುತ್ತದೆಯೋ ಎಂದು ನೋಡಿಸಬೇಕು. ಟ್ಯಾಪೆಟ್ ಸೆಟ್ಟಿಂಗ್‌ ಕೂಡ ಆಗಲೇ ಆಗಬೇಕು.

ಅದಕ್ಕಿಂತ ಮುಂಚೆ ಏರ್ ಫಿಲ್ಟರ್. ಸುಗ್ಗಿಯ ದಿನಗಳಲ್ಲಿ, ಆಮೇಲೆ ಮುಂಗಾರು ಹಿಡಿಯುವವರೆಗೆ, ಎರೆಸೀಮೆಯ ಬಂಡಿದಾರಿಗಳಲ್ಲಿ ಏಳುವ ಧೂಳು ಬಹಳ ನುಣುಪು. ಸರ್ವಿಸ್ ಪುಸ್ತಕದಲ್ಲಿ ಬರೆದ ಅಂತರವನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ, ಅದಕ್ಕೂ ಮೊದಲೇ ಫಿಲ್ಟರ್ ನೋಡಬೇಕಾಗುತ್ತದೆ. ಕಂಪ್ರೆಸರ್ ಗಾಳಿ ಹೊಡೆದರೆ ಪೇಪರ್ ಫಿಲ್ಟರ್ ಹೊಸದರಂತಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿಯನ್ನು ಹತ್ತಿರದಿಂದ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಅಲ್ಲಿಂದ ನುಗ್ಗಿದ ಧೂಳು ರಿಂಗ್, ಲೈನರ್‌ಗಳನ್ನು ಉಜ್ಜಿ ಸವೆಸುತ್ತದೆ. ಕೊನೆಗೆ ನೀಲಿ ಹೊಗೆ ಬಂದು ಎಂಜಿನ್ ಬೋರ್ ಮಾಡಿಸುವ ಖರ್ಚು ತಲೆಯ ಮೇಲೆ ಬೀಳುತ್ತದೆ. ಗಾಳಿ ಹೊಡೆಯಲೇಬೇಕಿದ್ದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ಫಿಲ್ಟರ್ ಒಳಗೆ ಬಲ್ಬ್ ಹಿಡಿದು ನೋಡಬೇಕು. ಬೆಳಕಿನ ಚುಕ್ಕಿ ಕಂಡರೆ ಆ ಫಿಲ್ಟರ್ ಮುಗಿಯಿತು. ಫಿಲ್ಟರ್‌ನಿಂದ ಎಂಜಿನ್‌ವರೆಗಿನ ರಬ್ಬರ್ ಪೈಪಿನೊಳಗೆ ಬೆರಳಾಡಿಸಿದಾಗ ಧೂಳು ಸಿಕ್ಕರೆ ಕ್ಲಿಪ್ ಸಡಿಲವಾಗಿದೆ, ಇಲ್ಲವೆ ಪೈಪ್ ಒಡೆದಿದೆ. ಟರ್ಬೊ ಇರುವ ಗಾಡಿಗಳಲ್ಲಿ ಟರ್ಬೊದಿಂದ ಮುಂದಿನ ಗಾಳಿಪೈಪ್ ಸೀಳಿದ್ದರೆ ಒತ್ತಿದ ಗಾಳಿ ಸೋರಿಹೋಗಿ, ಏರಿನಲ್ಲಿ ಕಪ್ಪು ಹೊಗೆ ಬರುತ್ತದೆ, ಎಳೆತ ಸತ್ತಂತಾಗುತ್ತದೆ. ಈ ಪೈಪನ್ನು ಬದಲಿಸಿದಾಗ ಮರಳಿ ಬರುವ ಶಕ್ತಿ ಪಂಪಿನ ಸ್ಕ್ರೂ ತಿರುಗಿಸಿದರೆ ಬರುವುದಿಲ್ಲ, ಖರ್ಚೂ ಕಡಿಮೆ.

ಆಯಿಲ್ ಕರ್ರಗಾಯಿತೆಂದರೆ ಕೆಟ್ಟಿತು ಎಂಬ ಮಾತಿನಲ್ಲಿ ಹುರುಳಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ, ಏಕೆಂದರೆ ಮಸಿಯನ್ನು ಗೋಡೆಗಳಿಗೆ ಅಂಟಲು ಬಿಡದೆ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಬದಲಿಸುವ ಹೊತ್ತನ್ನು ಕಿಲೋಮೀಟರ್ ಲೆಕ್ಕದಿಂದ ತೀರ್ಮಾನಿಸಬೇಕು, ಬಣ್ಣದಿಂದಲ್ಲ. ಹಳೆಯ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿದರೆ ಸವೆತ ನಿಲ್ಲುತ್ತದೆ ಎಂಬುದೂ ಸುಳ್ಳು. ಬೆಳಗಿನ ಸ್ಟಾರ್ಟ್‌ನಲ್ಲಿ ದಪ್ಪ ಆಯಿಲ್ ಟರ್ಬೊ ಬೇರಿಂಗ್ ಮತ್ತು ಹೆಡ್ ತಲುಪಲು ತಡವಾಗುತ್ತದೆ, ಸವೆತ ಹೆಚ್ಚಾಗುವುದು ಆ ಹೊತ್ತಿನಲ್ಲೇ.

ಎಂಜಿನ್ ಬಿಸಿಯಾಗುತ್ತಿದೆ ಎಂದು ಥರ್ಮೋಸ್ಟಾಟ್ ವಾಲ್ವ್ ಕಿತ್ತುಹಾಕುವುದು ಹಳ್ಳಿ ಗ್ಯಾರೇಜುಗಳ ಹಳೆಯ ಪರಿಹಾರ. ವಾಲ್ವ್ ಇಲ್ಲದ ಎಂಜಿನ್ ಬೇಕಾದಷ್ಟು ಬಿಸಿ ಏರದೆ ತಣ್ಣಗೇ ಓಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿಯಾಗುವ ಮೂಲ ಕಾರಣ ಹಲವು ಸಲ ರೇಡಿಯೇಟರ್‌ಗೆ ಸುರಿದ ನೀರೇ. ಎರೆಸೀಮೆಯ ಬೋರ್‌ವೆಲ್‌ಗಳಲ್ಲಿ ಸವಳು ನೀರು ಸಾಮಾನ್ಯ. ಅದರ ಲವಣ ಕಾದ ಕಡೆಯಲ್ಲೆಲ್ಲ ಪದರುಗಟ್ಟಿ ನಳಿಕೆಗಳನ್ನು ಮುಚ್ಚುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕಿದರೆ ಈ ಕಾಟವಿಲ್ಲ.

ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ನಾಝಲ್ ಸ್ವಚ್ಛವಾಗುತ್ತದೆ ಎನ್ನುವವರು ಇನ್ನೂ ಇದ್ದಾರೆ. ಪಂಪು, ನಾಝಲ್‌ಗಳಿಗೆ ಜಾರುಗುಣ ಕೊಡುವುದು ಡೀಸೆಲ್ಲೇ. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಮಾರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಗಂಧಕ ತೆಗೆಯುವಾಗ ಜಾರುಗುಣವೂ ಕುಗ್ಗುವುದರಿಂದ ಅದನ್ನು ಸೇರ್ಪಡೆಗಳಿಂದ ತುಂಬಿರುತ್ತಾರೆ. ಸೀಮೆಎಣ್ಣೆ ಬೆರೆಸಿದರೆ ಆ ಗುಣ ಮತ್ತೆ ಕುಗ್ಗಿ ಪಂಪ್ ಒಣಗಿದಂತೆ ಉಜ್ಜಿಕೊಳ್ಳುತ್ತದೆ. ನಾಝಲ್ ಉಳಿಯಬೇಕಾದರೆ ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಹೊರಬಿಡಬೇಕು. ಟ್ರ್ಯಾಕ್ಟರ್‌ಗೆಂದು ಬ್ಯಾರೆಲ್‌ನಲ್ಲಿ ಕೂಡಿಟ್ಟ ಎಣ್ಣೆಯನ್ನು ಗಾಡಿಗೂ ಹಾಕುವವರು ಇದನ್ನು ಮರೆಯಲೇಬಾರದು.

ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಬ್ಲಾಕ್ ಮಾಡಿಸಿದರೆ ಲೋಡಿನಲ್ಲಿ ಎಳೆತ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪೂರ್ತಿ ಲೋಡಿನಲ್ಲಿ ಆ ವಾಲ್ವ್ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಮಸಿ ಕಟ್ಟಿ ತೆರೆದೇ ಉಳಿದಿದ್ದರೆ ಮಾತ್ರ ತೊಂದರೆ. ಅದಕ್ಕೆ ಬಿಚ್ಚಿ ತೊಳೆದರೆ ಸಾಕು.

ಹಿಂದಿನ ಸ್ಪ್ರಿಂಗ್‌ಗೆ ಒಂದೆರಡು ಬ್ಲೇಡ್ ಹೆಚ್ಚು ಹಾಕಿಸಿದರೆ ಗಾಡಿಯ ಸಾಮರ್ಥ್ಯ ಏರುತ್ತದೆ ಎಂಬ ಭ್ರಮೆ ಅಪಾಯಕಾರಿ. ಬ್ಲೇಡ್ ಹೆಚ್ಚಾದರೂ ಬ್ರೇಕ್, ಆ್ಯಕ್ಸಲ್, ಟೈರ್, ಚಾಸಿ ಮೊದಲಿನವೇ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕವೂ ಬದಲಾಗುವುದಿಲ್ಲ. ಏಸ್‌ನ ಮೊದಲ ಮಾದರಿ ಹೊರಬೇಕಾದದ್ದು ಮುಕ್ಕಾಲು ಟನ್. ಗಾಡಿ ಹಗುರವಾಗಿ ಓಡಬೇಕೆಂದರೆ ಒಂದೊಂದೇ ಗಾಲಿಯನ್ನು ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಬೇಕು. ಮಳೆಗಾಲದಲ್ಲಿ ಮೆತ್ತಿದ ಎರೆಮಣ್ಣು ಒಣಗಿ ಬ್ರೇಕ್ ಹಿಡಿದುಕೊಂಡಿದ್ದರೆ ಗಾಲಿ ಬಿಗಿಯಾಗಿ ತಿರುಗುತ್ತದೆ, ಅಷ್ಟು ಡೀಸೆಲ್ ದಿನವೂ ಪೋಲಾಗುತ್ತಿರುತ್ತದೆ.

ಕಲಘಟಗಿಯ ಗಾಡಿಗಳು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂದು ಕೆಲವು ಚಾಲಕರು ನಂಬಿದ್ದಾರೆ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪಂಪ್ ಎಣ್ಣೆ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಎಣ್ಣೆ ಕೊಡುತ್ತಲೇ ಇರಬೇಕು. ಎಂಜಿನ್ ಬಂದ್ ಮಾಡಿ ಇಳಿಸಿದರೆ ವ್ಯಾಕ್ಯೂಮ್ ಪಂಪ್ ನಿಲ್ಲುತ್ತದೆ. ಕೆಲವೇ ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಘಟ್ಟದ ತಿರುವಿನಲ್ಲಿ ಇದು ಜೀವಕ್ಕೇ ಎರವಾದೀತು.

ಹದಿನೈದು ವರ್ಷ ತುಂಬಿದ ಗಾಡಿ ಗುಜರಿಗೇ ಹೋಗಬೇಕು ಎಂಬ ಸುದ್ದಿ ಕೇಳಿ ಚೆನ್ನಾಗಿರುವ ಗಾಡಿಯನ್ನು ಕಡಿಮೆ ಬೆಲೆಗೆ ಕೊಡುವವರಿದ್ದಾರೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ ಕಥೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹದಿನೈದು ವರ್ಷದ ನಿಯಮ ಸರ್ಕಾರಿ ವಾಹನಗಳಿಗೆ ಸಂಬಂಧಿಸಿದ್ದು. ಧಾರವಾಡ ಜಿಲ್ಲೆಯ ಖಾಸಗಿ ಮಾಲೀಕರ ಸರಕು ಗಾಡಿ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ನಿರ್ಧರಿಸುತ್ತದೆ. ಮೊದಲ ಎಂಟು ವರ್ಷ ಅದನ್ನು ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಹೊಗೆ ತಪಾಸಣೆಯ ಪ್ರಮಾಣಪತ್ರ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಗಾಡಿಗಳಿಗೆ ಆರು ತಿಂಗಳು, ಬಿಎಸ್-4 ಮತ್ತು ನಂತರದವಕ್ಕೆ ಒಂದು ವರ್ಷ ನಡೆಯುತ್ತದೆ.